ಮಲೆನಾಡಿನ ಮಳೆಯೂ ಖಾದರ್ ಸಾಹೇಬರ ಹತ್ತಿಯೂ

ಹೋದ ವಾರ ಹರಿಹರಕ್ಕೆ ಪ್ರವಾಹ ಬರಬೇಕಿತ್ತು. ಬರಲಿಲ್ಲ. ಆದರೂ ಒಂದು ಮನೆಗೆ ನಷ್ಟವಾಯಿತು. ಆ ನಷ್ಟ ಮಾಡಿದವನು ನಾನು.

ನಿಮಗೆ ಗೊತ್ತೇ ಇದೆ, ನಾನು ದಾವಣಗೆರೆಯ ಹೈಸ್ಕೂಲೊಂದರಲ್ಲಿ ಭೂಗೋಳದ ಮೇಷ್ಟ್ರು. ಮನೆ ಹರಿಹರದಲ್ಲಿ, ಹೊಳೆಗೆ ಹತ್ತಿರ. ದಿನವೂ ರೈಲಿನಲ್ಲಿ ಓಡಾಟ. ಸೋಮವಾರ ಎಸ್.ಎಸ್.ಎಲ್.ಸಿ. ಹುಡುಗರಿಗೆ ಪ್ರವಾಹದ ಪಾಠ ಮಾಡಿದೆ. ಬೋರ್ಡಿನ ಮೇಲೆ ನೀಲಿ ಚಾಕಿನಲ್ಲಿ ತುಂಗೆ, ಭದ್ರೆ, ಎರಡೂ ಕೂಡಿ ನಮ್ಮ ಕಡೆ ಬರುವ ದಾರಿ. ಮಳೆ ಸುರಿಯುವುದು ಮಲೆನಾಡಿನಲ್ಲಿ, ಮುಳುಗುವುದು ನಾವು. ಇಲ್ಲಿ ಬಿಸಿಲಿದ್ದರೂ ಹೊಳೆ ತುಂಬಬಹುದು. ಆದ್ದರಿಂದ ಮುನ್ನೆಚ್ಚರಿಕೆ, ಸ್ಥಳಾಂತರ, ಎತ್ತರದ ಜಾಗ. ಎಷ್ಟು ಚೆನ್ನಾಗಿ ಹೇಳಿದೆನೆಂದರೆ, ಹುಡುಗರಿಗೇನೂ ಆಗಲಿಲ್ಲ, ನನಗೇ ಭಯವಾಯಿತು.

ಮರುದಿನ ಬೆಳಿಗ್ಗೆ ಸ್ಟೇಷನ್ ಹತ್ತಿರದ ಹೋಟೆಲಿನ ರೇಡಿಯೋ, ಮಲೆನಾಡಿನಲ್ಲಿ ಭಾರಿ ಮಳೆ ಎಂದಿತು. ಹೊಳೆಗೆ ಹೋಗಿ ನೋಡಿದೆ. ಕೆಂಪು ನೀರು ಮೆಟ್ಟಿಲು ಏರುತ್ತಿತ್ತು. ಇಷ್ಟು ಸಾಲದೇ? ಸ್ಕೂಲಿಗೆ ರಜೆ ಹೇಳಿ ಕಳಿಸಿ, ನೆಟ್ಟಗೆ ಪಕ್ಕದ ಮನೆಗೆ ನಡೆದೆ.

ಪಕ್ಕದ ಮನೆ ಖಾದರ್ ಸಾಹೇಬರದು. ಹತ್ತಿ ಹಿಂಜಿ ಗಾದಿ ಹೊಲಿಯುವುದು ಅವರ ಕಸುಬು. ಊರಿನ ಎಷ್ಟೋ ಮದುವೆಗಳಿಗೆ ಗಾದಿ ಹೊಲಿದುಕೊಟ್ಟವರು ಈ ಸಲ ತಮ್ಮ ಮಗಳಿಗೇ ಹೊಲಿಯುತ್ತಿದ್ದರು. ಭಾನುವಾರ ನಿಕಾ. ನಡುಮನೆ ತುಂಬ ಹಿಂಜಿದ ಹತ್ತಿ ಬೆಳ್ಳಗೆ ಉಬ್ಬಿ ಕೂತಿತ್ತು. ಅದಕ್ಕೆ ನೀರು ತಾಗಿದರೆ ಮಗಳು ಗಾದಿಯಿಲ್ಲದೆ ಗಂಡನ ಮನೆಗೆ ಹೋಗಬೇಕು. ಗಾದಿ ಹೊಲಿಯುವವರ ಮಗಳು!

ನಾನು ಸೋಮವಾರದ ಲೆಕ್ಚರನ್ನು ಇನ್ನೊಮ್ಮೆ ಕೊಟ್ಟೆ. (ಬೋರ್ಡು ಇಲ್ಲದ್ದರಿಂದ ನೆಲದ ಮೇಲೆ ಬೆರಳಿನಿಂದ ಮ್ಯಾಪು.) ಸಾಹೇಬರು ಹತ್ತಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ನೀವು ಓದಿದೋರು ಮೇಷ್ಟ್ರೇ. ನೀವು ಹೇಳಿದ್ಮ್ಯಾಲೆ ಮುಗೀತು."

ಎತ್ತಿನ ಗಾಡಿ ಬಂತು. ಎತ್ತರದ ಓಣಿಯಲ್ಲಿದ್ದ ಶಾಲೆಯ ಜಗುಲಿಗೆ ಹತ್ತಿ ಸಾಗಿಸುವುದೆಂದಾಯಿತು. ಮೇಲೆ ಹೊದಿಸಲು ಬಜಾರಿನಿಂದ ತಾಡಪತ್ರಿ ತರಿಸಲೇ ಎಂದು ಸಾಹೇಬರು ಕೇಳಿದರು. ಬ್ಯಾಡ್ರಿ, ಟೈಮಿಲ್ಲ ಎಂದೆ. ಹೊಳೆ ಕಾಯುತ್ತದೆಯೇ?

ಹೊಳೆ ಕಾಯುತ್ತಿತ್ತು. ಕಾಯದೆ ಬಂದದ್ದು ಮಳೆ. ಗಾಡಿ ಅರ್ಧ ಏರು ಹತ್ತಿತ್ತೋ ಇಲ್ಲವೋ, ಹರಿಹರದ ಮೋಡ ನಮ್ಮ ಮೇಲೆಯೇ ಒಡೆದುಕೊಂಡಿತು. ಆಗುಂಬೆಯ ಮೋಡಗಳ ಚಿಂತೆಯಲ್ಲಿದ್ದ ನಾನು ನನ್ನ ತಲೆಯ ಮೇಲಿನದನ್ನು ನೋಡಿರಲೇ ಇಲ್ಲ. ಶಾಲೆ ಮುಟ್ಟುವಷ್ಟರಲ್ಲಿ ಹತ್ತಿ ನೆಂದು ಮುದ್ದೆಯಾಗಿತ್ತು.

ಯಾರೂ ಬೈಯಲಿಲ್ಲ. ಮದುಮಗಳು ಬಾಗಿಲಿಗೆ ಬಂದು ನನ್ನ ಮುಖ ನೋಡಿ ಒಳಗೆ ಹೋದಳು, ಅಷ್ಟೆ. (ಬೈಗುಳದ ಕೊರತೆಯನ್ನು ನಮ್ಮ ಮನೆಯಾಕೆ ತುಂಬಿದಳು.)

ನಾನು ಕೊಡೆ ಹಿಡಿದು ಹೊಳೆಯ ದಂಡೆಗೆ ಹೋಗಿ ನಿಂತೆ. ಯಾಕೆ ಗೊತ್ತೇ? ಪ್ರವಾಹ ಬರಲಿ ಎಂದು! ನೀರು ಓಣಿಗೆ ನುಗ್ಗಿದರೆ ನನ್ನ ಮಾತು ನಿಜವಾಗುತ್ತದೆ. ಹೇಗೂ ನೆನೆಯಬೇಕಿದ್ದ ಹತ್ತಿ ನೆನೆಯಿತು ಎಂದಾಗುತ್ತದೆ. ಇನ್ನೊಂದು ಮೆಟ್ಟಿಲು ತಾಯಿ, ಇನ್ನೊಂದೇ ಮೆಟ್ಟಿಲು ಎಂದು ತುಂಗಭದ್ರೆಯನ್ನು ಬೇಡಿಕೊಂಡೆ. ಆ ಓಣಿಯಲ್ಲಿ ನನ್ನ ಮನೆ, ಹೆಂಡತಿ, ಮಕ್ಕಳೂ ಇದ್ದರು ಎಂಬುದು ಆಗ ಹೊಳೆಯಲಿಲ್ಲ.

ಸಂಜೆಯ ಹೊತ್ತಿಗೆ ಖಾದರ್ ಸಾಹೇಬರು ಹುಡುಕಿಕೊಂಡು ಬಂದರು.

"ಮನಿಗೆ ನಡೀರಿ ಮೇಷ್ಟ್ರೇ. ಹೊಳಿ ಇಳಿಯಾಕತ್ತೈತೆ, ಅಲ್ಲಾ ಕಾಪಾಡಿದ. ನಮ್ಮ ಚಿಂತಿಯಾಗ ನೀವು ಊಟಾನೂ ಬಿಟ್ಟು ನಿಂತೀರಿ."

ನನಗೆ ನಿರಾಸೆಯಾಗಿತ್ತು. ನಿರಾಸೆಯಾಯಿತಲ್ಲ ಎಂದು ನಾಚಿಕೆಯೂ ಆಯಿತು. ಎರಡನ್ನೂ ಕೊಡೆಯ ಮರೆಯಲ್ಲಿ ಇಟ್ಟುಕೊಂಡು ಅವರ ಹಿಂದೆ ನಡೆದೆ.

ಗುರುವಾರ ಬಿಸಿಲು ಬಂತು. ಓಣಿಯ ಹೆಂಗಸರೆಲ್ಲ ಸೇರಿ ಹತ್ತಿ ಬಿಡಿಸಿ ಒಣಹಾಕಿದರು. ಸಾಹೇಬರು ಶನಿವಾರವಿಡೀ ಕೂತು ಮತ್ತೆ ಹಿಂಜಿ ಗಾದಿ ಮುಗಿಸಿದರು. ನಿಕಾಕ್ಕೆ ನನ್ನನ್ನು ಕರೆದು, ಮುಂದಿನ ಸಾಲಿನಲ್ಲಿ ಕೂಡಿಸಿ, ಇವರು ನಮ್ಮ ಓಣಿ ಸಲುವಾಗಿ ಇಡೀ ದಿನ ಮಳೆಯಲ್ಲಿ ನಿಂತವರು ಎಂದು ಬೀಗರಿಗೆ ಪರಿಚಯ ಮಾಡಿಕೊಟ್ಟರು. ಬೀಗರು ಎದ್ದು ನಿಂತು ಸಲಾಂ ಮಾಡಿದರು. ನಾನೂ ಮಾಡಿದೆ.

ನೀವೇ ಹೇಳಿ, ಇನ್ನೊಮ್ಮೆ ಹೊಳೆ ಏರಿದರೆ ನಮ್ಮ ಓಣಿಯಿಂದ ಮೊದಲು ಸ್ಥಳಾಂತರಿಸಬೇಕಾದದ್ದು ಯಾರನ್ನು?