ಹುಕ್ ಒಂದು ಬಾಕಿ

ಕುಂಬ್ರದ ಜಂಕ್ಷನ್ನಿನಲ್ಲಿ ನನ್ನ ಹೊಲಿಗೆ ಅಂಗಡಿ ಶುರುವಾಗಿ ಇಪ್ಪತ್ತೆರಡು ವರ್ಷ. ಅಷ್ಟೂ ವರ್ಷ ನಾನು ಹೇಳಿದ ಸುಳ್ಳು ಒಂದೇ: "ಹುಕ್ ಒಂದು ಬಾಕಿ, ನಾಳೆ ಬನ್ನಿ." ಬಟ್ಟೆಗೆ ಕತ್ತರಿಯೇ ತಾಗಿರುವುದಿಲ್ಲ, ಆದರೂ ಹುಕ್ ಬಾಕಿ! ಎಲ್ಲ ಟೈಲರುಗಳೂ ಹೇಳುವುದೇ, ಗಿರಾಕಿಗಳಿಗೂ ಗೊತ್ತಿರುವುದೇ. ಇದರಲ್ಲಿ ಪಾಪಗೀಪ ಏನೂ ಇಲ್ಲವೆಂದು ನಾನು ಆರಾಮವಾಗಿದ್ದೆ.

ಶಂಕರಿ ನನ್ನಲ್ಲಿಗೆ ಕೆಲಸಕ್ಕೆ ಬಂದು ಒಂಬತ್ತು ವರ್ಷವಾಯಿತು. ಈಗ ಮೂವತ್ತನಾಲ್ಕು ಅವಳಿಗೆ. ನರಿಮೊಗರಿನಿಂದ ಎರಡು ಬಸ್ಸು ಹಿಡಿದು ಬರುತ್ತಾಳೆ, ಒಂದು ದಿನವೂ ತಡ ಮಾಡಿದವಳಲ್ಲ. ಒಮ್ಮೆ ಅಳತೆ ತೆಗೆದರೆ ಪುಸ್ತಕ ನೋಡದೆ ಕತ್ತರಿಸುತ್ತಾಳೆ. ಶಾಲೆಯಲ್ಲಿ ಟೀಚರು ಅವಳನ್ನು "ಜಾಣೆ, ಸ್ವಲ್ಪ ನಾಚಿಕೆ" ಎಂದಿದ್ದರಂತೆ. ಎಂಥ ನಾಚಿಕೆ? ನನ್ನ ಗಿರಾಕಿಗಳನ್ನೆಲ್ಲ ತಲೆ ವಾಲಿಸಿ ನಕ್ಕು, "ಬನ್ನಿ ಬನ್ನಿ, ಎಂತ ವಿಶೇಷ?" ಎಂದು ಕರೆಯುತ್ತಿದ್ದವಳು ಅವಳೇ.

ಈ ಸಲದ ಮದುವೆಯ ಸೀಸನ್ನಿನಲ್ಲಿ ಒಂದು ಸೋಮವಾರ ಅವಳು ಕತ್ತರಿಯನ್ನು ಒರೆಸಿ ನನ್ನ ಮುಂದಿಟ್ಟಳು.

"ಶರ್ಮಿಳಕ್ಕ, ನಾನು ಇನ್ನು ಬರುದಿಲ್ಲ."

ನನಗೆ ಪಿತ್ತ ನೆತ್ತಿಗೇರಿತು. "ಎಂತ ಮಾರಾಯ್ತಿ! ನಲ್ವತ್ತು ರವಿಕೆ ರಾಶಿ ಬಿದ್ದದ್ದು ಕಾಣುದಿಲ್ವಾ? ಯಾರು ಕರೆದದ್ದು ನಿನ್ನನ್ನು? ಪುತ್ತೂರಿನ ಟೈಲರುಗಳಾ?"

"ಯಾರೂ ಕರೀಲಿಲ್ಲ. ಹೊಲಿಗೆ ಬಿಡ್ಲಿಕ್ಕೆ ನನಗೆ ಮನಸ್ಸೂ ಇಲ್ಲ. ಆದ್ರೆ ಮನೆಗೆ ಹೋದ ಮೇಲೆ ನನಗೆ ಮಾತೇ ಬರುದಿಲ್ಲ. ಲೈಟ್ ಆರಿಸಿ ಮಲಗುದು. ಅಮ್ಮ ಊಟಕ್ಕೆ ಕರೆದ್ರೂ ಅಳು ಬರ್ತದೆ."

ಮಂಗಳೂರಿನ ಡಾಕ್ಟರಲ್ಲಿಗೆ ಹೋಗಿ ಬಂದಿದ್ದಳಂತೆ. ಆಟಿಸಂ ಎಂದರಂತೆ.

"ಅದು ಸಣ್ಣ ಮಕ್ಕಳಿಗೆ ಇರುದಲ್ವಾ?"

"ಆ ಮಕ್ಕಳು ದೊಡ್ಡವರಾಗುದಿಲ್ವಾ ಶರ್ಮಿಳಕ್ಕ?"

ನಾನು ಕೈಯಲ್ಲಿದ್ದ ರವಿಕೆಯನ್ನು ಬದಿಗಿಟ್ಟು ಅವಳ ಕಡೆ ತಿರುಗಿದೆ.

ಅವಳು ಅಳತೆ ಪುಸ್ತಕದ ಕೊನೆಯ ಹಾಳೆ ತೆರೆದು ತೋರಿಸಿದಳು. ಮುತ್ತಿನಂಥ ಅಕ್ಷರ. "ಮದುವೆ ಬಟ್ಟೆ ತಂದವರಲ್ಲಿ ಹುಡುಗನ ಊರು ಕೇಳಬೇಕು. ಕಣ್ಣು ನೋಡಬೇಕು, ಮೂರು ಎಣಿಸಿ ಬಿಡಬೇಕು. ತಲೆ ಬಲಕ್ಕೆ ವಾಲಿಸಿ ನಗಬೇಕು. ಹುಕ್ ಬಾಕಿ ಎನ್ನುವಾಗಲೂ ನಗಬೇಕು." ಒಂಬತ್ತು ವರ್ಷ ಬೆಳಿಗ್ಗೆಯಿಂದ ಸಂಜೆಯವರೆಗೆ ಇದನ್ನೇ ಬಾಯಿಪಾಠ ಒಪ್ಪಿಸುತ್ತಿದ್ದಳು, ನಾನು ಅವಳ ಪಕ್ಕದಲ್ಲೇ ಕೂತಿದ್ದೆ!

"ತಲೆ ಯಾಕೆ ಬಲಕ್ಕೇ?"

"ನೀವು ಹಾಗೇ ನಗುದಲ್ವಾ? ನಿಮ್ಮನ್ನೇ ನೋಡಿ ಕಲಿತದ್ದು."

ನನಗೆ ಅಳುವೇ ಬಂತು. ಅಳು ಬಂದರೆ ನನಗೆ ಸಿಟ್ಟೂ ಬರುತ್ತದೆ. "ಹೋಗುದು ಗೀಗುದು ಬೇಡ. ನಿನಗೆ ಎಂತ ಬೇಕು, ಅದನ್ನು ಹೇಳು!" ಎಂದು ಗದರಿದೆ.

ಅವಳ ಬಳಿ ಉತ್ತರ ತಯಾರಿತ್ತು. "ಮೆಷಿನು ಗೋಡೆಯ ಕಡೆ ತಿರುಗಿಸ್ಬೇಕು. ರೇಡಿಯೋ ಬೇಡ. ಗಿರಾಕಿಗಳನ್ನು ನೀವು ನೋಡಿಕೊಳ್ಳಿ. ಮತ್ತೆ, ನನ್ನ ಹತ್ರ ಕೇಳಿದ್ರೆ ನಾನು ಇದ್ದದ್ದನ್ನೇ ಹೇಳುದು. ಶನಿವಾರದವರೆಗೆ ನೋಡುವ. ಆಗದಿದ್ರೆ ಬಿಡ್ತೇನೆ."

ಮೊದಲ ಮೂರಕ್ಕೆ ಆಗಲೇ ಒಪ್ಪಿದೆ. ನಾಲ್ಕನೆಯದು ಗಂಟಲಲ್ಲಿ ಸಿಕ್ಕಿಕೊಂಡಿತು. ಅವಳನ್ನು ಕಳೆದುಕೊಳ್ಳುವ ಹೆದರಿಕೆಗೆ ಅದನ್ನೂ ನುಂಗಿದೆ.

ಶನಿವಾರ ಮಧ್ಯಾಹ್ನದವರೆಗೂ ಅಂಗಡಿಯಲ್ಲಿ ಮೆಷಿನಿನ ಸದ್ದು ಮಾತ್ರ. ಆಗ ಬಂದರು ಸಫಿಯಮ್ಮ, ನಮ್ಮ ಹಳೆಯ ಗಿರಾಕಿ. "ಮೊಮ್ಮಗಳ ಬಟ್ಟೆ ಆಯ್ತಾ ಶರ್ಮಿಳಾ?"

ಇಪ್ಪತ್ತೆರಡು ವರ್ಷದ ನಾಲಿಗೆ, ಎಲ್ಲಿ ಕೇಳುತ್ತದೆ? "ಹುಕ್ ಒಂದು ಬಾಕಿ ಸಫಿಯಮ್ಮ."

ಅವರು ನನ್ನನ್ನು ಬಿಟ್ಟು ಒಳಗೆ ನೋಡಿದರು. "ಹೌದಾ ಶಂಕರಿ?"

"ಇಲ್ಲ. ಕತ್ತರಿಸ್ಲೇ ಇಲ್ಲ. ಬುಧವಾರ ಮೂರು ಗಂಟೆಗೆ ಆಗ್ತದೆ," ಎಂದು ಗೋಡೆಯ ಕಡೆಯಿಂದಲೇ ಉತ್ತರ ಬಂತು.

ಭೂಮಿ ಬಾಯಿಬಿಡಬಾರದೇ ಎನಿಸಿತು ನನಗೆ. ಸಫಿಯಮ್ಮ ಸೊಂಟಕ್ಕೆ ಕೈಯಿಟ್ಟರು. "ಅಲ್ಲ ಮಾರಾಯ್ತಿ, ನಾನು ಕೊಟ್ಟದ್ದು ಚೂಡಿದಾರ. ಅದಕ್ಕೆ ಎಲ್ಲಿಯ ಹುಕ್ಕು?"

ಗೋಡೆಯ ಕಡೆಯಿಂದ ಒಂದು ಸದ್ದು. ಮೆಷಿನು ಕೆಟ್ಟಿತೋ ಎಂದು ತಿರುಗಿದರೆ, ಶಂಕರಿ ಹೊಟ್ಟೆ ಹಿಡಿದುಕೊಂಡು, ಮೂಗಿನಲ್ಲಿ ಗೊರ್ರೆಂದು ಸದ್ದು ಮಾಡಿಕೊಂಡು ನಗುತ್ತಿದ್ದಾಳೆ! ತಲೆ ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ, ಮೆಷಿನಿನ ಮೇಲೆಯೇ ಬಿದ್ದಿತ್ತು. ಒಂಬತ್ತು ವರ್ಷದಲ್ಲಿ ಅವಳ ನಗುವನ್ನು ನಾನು ಕೇಳಿದ್ದು ಅದೇ ಮೊದಲು. ಸಫಿಯಮ್ಮನೂ ನಕ್ಕರು, ಕೊನೆಗೆ ನಾನೂ.

ಸಂಜೆ ಶಂಕರಿ ಕತ್ತರಿಯನ್ನು ಒರೆಸಿದಳು. ಅದು ಮತ್ತೆ ನನ್ನ ಮುಂದೆ ಬರುತ್ತದೋ ಎಂದು ನಾನು ಅವಳ ಕೈಯನ್ನೇ ನೋಡಿದೆ. ಅವಳು ಅದನ್ನು ತನ್ನ ಡ್ರಾಯರಿನೊಳಗೆ ಇಟ್ಟಳು.

"ಸೋಮವಾರ ಬರ್ತೇನೆ," ಎಂದಳು.

ಖಂಡಿತವಾ ಎಂದು ನಾನು ಕೇಳಲಿಲ್ಲ. ಅವಳು ಇನ್ನು ಸುಳ್ಳು ಹೇಳುವವಳಲ್ಲ.