ಬಾಲದ ಮೇಲಿನ ಗೆರೆಗಳು

ಪ್ರಯೋಗಾಲಯದಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಇಲಿಯಣ್ಣ ಎಂದೇ. ಇಪ್ಪತ್ತೆರಡು ವರ್ಷ ಬಿಳಿ ಇಲಿಗಳಿಗೆ ತಿನ್ನಲು ಹಾಕಿ, ಗೂಡು ತೊಳೆದು ಸವೆದ ಕೈ ಅವನದು. ಇಲಿಗಳನ್ನು ಮುಖ ನೋಡಿಯೇ ಗುರುತು ಹಿಡಿಯುತ್ತೇನೆಂಬ ಜಂಬ ಬೇರೆ. ಸ್ವಂತ ಮಕ್ಕಳ ಚಪ್ಪಲಿ ಯಾವುದು ಯಾರದೆಂದು ತಿಳಿಯದವನು ಇಲಿಯ ಮುಖ ಬಲ್ಲನಂತೆ ಎಂದು ಹೆಂಡತಿ ನಗುತ್ತಿದ್ದಳು.

ಆ ವರ್ಷ ಒಬ್ಬಳು ಹುಡುಗಿ ಸಂಶೋಧನೆಗೆ ಬಂದಳು. ಸಕ್ಕರೆ ಕಾಯಿಲೆ ಬರಿಸಿ, ಕೊಬ್ಬು ತಿನ್ನಿಸಿದ ಹನ್ನೆರಡು ಇಲಿಗಳು. ಆರಕ್ಕೆ ದಿನವೂ ಒಂದು ಗಿಡದ ಎಲೆಯ ಕಷಾಯ, ಇನ್ನಾರಕ್ಕೆ ಬರೀ ನೀರು. ಎಲೆಯಿಂದ ರಕ್ತದ ಸಕ್ಕರೆ, ಕೊಲೆಸ್ಟ್ರಾಲ್ ಇಳಿಯುತ್ತದೆಯೇ ಎಂದು ನೋಡಬೇಕಿತ್ತು. ಕಷಾಯದವಕ್ಕೆ ಬಾಲದ ಮೇಲೆ ಕೆಂಪು ಗೆರೆ, ನೀರಿನವಕ್ಕೆ ಕಪ್ಪು; ಒಂದನೆಯದಕ್ಕೆ ಒಂದು ಗೆರೆ, ಆರನೆಯದಕ್ಕೆ ಆರು. ಶಾಯಿ ಅಳಿಸುವ ಮೊದಲು, ಮೂರು ದಿನಕ್ಕೊಮ್ಮೆ ಮತ್ತೆ ಎಳೆಯುವುದು ಇಲಿಯಣ್ಣನ ಕೆಲಸ.

ಐದನೆಯ ವಾರ ಅವನಿಗೆ ಸೋಮಾರಿತನ ಹಿಡಿಯಿತು. ಮುಖ ಗೊತ್ತಿರುವಾಗ ಬಾಲದ ಗೊಡವೆ ಯಾಕೆಂದುಕೊಂಡು ಗೆರೆ ಎಳೆಯುವುದನ್ನು ಬಿಟ್ಟ; ಗೂಡು ತೊಳೆಯುವಾಗ ಹನ್ನೆರಡನ್ನೂ ಒಂದೇ ತೊಟ್ಟಿಗೆ ಬಿಟ್ಟ. ಎತ್ತಿಡಲು ಬಗ್ಗಿದರೆ ಬಾಲಗಳೆಲ್ಲ ಬೋಳು, ಮುಖಗಳೆಲ್ಲ ಒಂದೇ. ಕೈಗೆ ಸಿಕ್ಕಂತೆ ಆರಾರು ಹಂಚಿ, ಗೆರೆ ಎಳೆದು, ಬಾಯಿ ಹೊಲಿದುಕೊಂಡ.

ಎಂಟನೆಯ ವಾರದ ರಕ್ತಪರೀಕ್ಷೆಗೆ ತಲೆಬುಡ ಇರಲಿಲ್ಲ. ಹುಡುಗಿ ತಾನೇ ಕಷಾಯ ಹೆಚ್ಚು ಕುದಿಸಿ ಕೆಡಿಸಿದೆನೆಂದು ನಂಬಿದಳು. ಊಟ ಬಿಟ್ಟು ಮತ್ತೆ ಮತ್ತೆ ಎಲೆ ಕುದಿಸಿದಳು. ಅವಳ ಪಕ್ಕದಲ್ಲೇ ನಿಂತು, "ಹೋಗ್ಲಿ ಬಿಡಮ್ಮ, ಎಲೆ ಅಂದ್ಮೇಲೆ ಹೆಚ್ಚುಕಮ್ಮಿ ಆಗತ್ತೆ" ಎಂದು ಸಮಾಧಾನ ಹೇಳಿದವನು ಇದೇ ಇಲಿಯಣ್ಣ. ಮಾಡಿದ್ದಕ್ಕಿಂತ ಆ ಮಾತಿಗೇ ಅವನಿಗೆ ಹೆಚ್ಚು ನಾಚಿಕೆ.

ಸಂಶೋಧನೆ ಬಿಡುತ್ತೇನೆಂದು ಅವಳು ಪತ್ರ ಬರೆದ ದಿನ ಅವನು ಬಾಗಿಲಲ್ಲಿ ನಿಂತ.

"ತಪ್ಪು ನಿಂದಲ್ಲಮ್ಮ, ಎಲೇದೂ ಅಲ್ಲ. ಇಲಿಗಳನ್ನ ಕಲಸಿಬಿಟ್ಟೋನು ನಾನು."

ಯಾವಾಗ ಎಂದಷ್ಟೇ ಕೇಳಿದಳು. ಹೇಳಿದ. ಅವಳು ಬೈಯಲಿಲ್ಲ, ಬೈದಿದ್ದರೆ ಅವನು ಅಷ್ಟು ಕುಗ್ಗುತ್ತಿರಲಿಲ್ಲ. ಪತ್ರ ಹರಿದು, ಮೇಲಿನವರ ಬಳಿಗೆ ಅವನನ್ನೂ ಕರೆದುಕೊಂಡು ಹೋದಳು. ಅಲ್ಲಿ ಅವನು ತಲೆ ತಗ್ಗಿಸಿ ಮತ್ತೊಮ್ಮೆ ಎಲ್ಲ ಹೇಳಬೇಕಾಯಿತು.

ಹೊಸ ಹನ್ನೆರಡು ಇಲಿಗಳು ಬಂದವು. ಎರಡನೆಯ ವಾರ, ಕಷಾಯದ ಬಟ್ಟಲು ಹಿಡಿದು, ಹಳೆಯ ಅಭ್ಯಾಸದಂತೆ ಹುಡುಗಿ ಕೇಳಿದಳು: "ಇದು ನಾಲ್ಕನೇದಾ ಅಣ್ಣ?"

ಮುಖ ನೋಡಿದರೆ ನಾಲ್ಕನೆಯದೇ. ಖಂಡಿತ ನಾಲ್ಕನೆಯದೇ. ಅವನು ಬಾಲ ಎತ್ತಿ, ಅವಳಿಗೆ ಕೇಳುವಂತೆ ಒಂದೊಂದೇ ಗೆರೆ ಎಣಿಸಿದ.