ಪಂಚಿನ ಮೂರು ಏಟು

ಇದು ಒಂದಕ್ಕೆ ಹೋಗುವ ವಿಷಯ. ಮೂಗು ಮುರಿಯುವವರು ಈಗಲೇ ಪುಟ ತಿರುವಿಕೊಳ್ಳಿ, ನನಗೇನೂ ಬೇಸರವಿಲ್ಲ. ಮೈಯೊಳಗಿನ ಒತ್ತಡಕ್ಕೂ ಪಾಠ ಕಲಿಸಬಹುದು ಅಂದವರಿಗೆ ಮೊದಲು ನಾನೂ ಮೂಗು ಮುರಿದವಳೇ.

ಕಲಬುರಗಿ-ಕಮಲಾಪುರ ಬಸ್ಸಿನಲ್ಲಿ ನಾನು ಕಂಡಕ್ಟರ್. ಡ್ರೈವರ್ ಇಳಿದು ಬೇಲಿಗೆ ಮುಖ ಮಾಡಿ ನಿಂತು ಬಂದರೆ ಯಾರೂ ಏನೂ ಅನ್ನುವುದಿಲ್ಲ. ನಾನು ಬಸ್ ನಿಲ್ಲಿಸಿದರೆ ಮಾತ್ರ ಎಲ್ಲರೂ ಗಡಿಯಾರ ನೋಡುತ್ತಾರೆ. ಅದಕ್ಕೇ ಹೊಸದರಲ್ಲಿ ನೀರು ಕುಡಿಯುವುದನ್ನೇ ಬಿಟ್ಟಿದ್ದೆ. ಉರಿಮೂತ್ರ ಶುರುವಾಯಿತು.

ನನಗಿಂತ ಹಿರಿಯ ಕಂಡಕ್ಟರ್ ನೀಲಮ್ಮಕ್ಕ ಆ ವರ್ಷ ನಿವೃತ್ತಳಾಗುವವಳಿದ್ದಳು. ಟಿಕೆಟ್ಟಿಗೆ ಮಷೀನು ಬಂದ ಮೇಲೆ ಕೆಲಸವಿಲ್ಲದೆ ಬಿದ್ದಿದ್ದ ತನ್ನ ಟಿಕೆಟ್ ತೂತು ಮಾಡುವ ಕಬ್ಬಿಣದ ಪಂಚನ್ನು ನನ್ನ ಕೈಗಿಟ್ಟಳು.

"ಸಂಡಾಸದ ಬಾಗಲಕ್ಕ ಮೂರು ಸಲ ಬಡಿ, ಆಮ್ಯಾಲ ಕೂಡು. ಮನ್ಯಾಗೂ ಹಂಗೇ. ಬಡೀಲಾರ್ದ ಒಮ್ಮಿಗೂ ಕೂಡಬ್ಯಾಡ. ಎರಡು ತಿಂಗಳಾಗ ಮೈ ತಾನೇ ಕಲೀತದ."

"ಯಕ್ಕಾ, ನನ್ನ ಮೈ ಏನು ಸಾಲಿಗಿ ಹೋಗತದೇನ್ರೀ?" ಅಂತ ನಕ್ಕೆ.

"ಮೊದಲ ಬಡಿ. ಆಮ್ಯಾಲ ನಗು."

ಕಲಿಯಿತು ನೋಡಿ! ಮೂರನೇ ತಿಂಗಳಿಗೆ ಟಕ್ ಟಕ್ ಟಕ್ ಕೇಳುವ ತನಕ ಅವಸರವೇ ಇಲ್ಲ. ಕೇಳಿದ ಮೇಲೆ ತಡೆಯುವುದು ಸಾಧ್ಯವೇ ಇಲ್ಲ. ಬಾಟಲಿಗಟ್ಟಲೆ ನೀರು ಕುಡಿದೆ. ಸೊಕ್ಕೂ ಬಂತು, ಸುಳ್ಳೇಕೆ ಹೇಳಲಿ.

ಹೋದ ವರ್ಷ ಕಲಬುರಗಿಯ ಜೇವರ್ಗಿ ಕಾಲೋನಿಯ ಸಣ್ಣ ಆಸ್ಪತ್ರೆಯಲ್ಲಿ ನನಗೆ ಪಿತ್ತದ ಹರಳಿನ ಆಪರೇಷನ್ ಆಯಿತು. ಮಾರನೆಯ ದಿನ ಬೆಳಿಗ್ಗೆ ಮೂತ್ರದ ನಳಿಗೆ ತೆಗೆದರು, ಮಧ್ಯಾಹ್ನವಾದರೂ ಒಂದಕ್ಕೆ ಬರಲಿಲ್ಲ. ಹೊಟ್ಟೆ ನಗಾರಿಯಾಗಿತ್ತು. ನರ್ಸ್ ನಲ್ಲಿ ಬಿಟ್ಟು ನೀರಿನ ಸದ್ದು ಕೇಳಿಸಿದಳು. ನಾನು ಚಮಚದಿಂದ ಲೋಟ ಬಡಿದೆ. ಏನೂ ಆಗಲಿಲ್ಲ.

"ಇನ್ನೊಂದು ತಾಸು ನೋಡ್ತೀವ್ರಿ, ಇಲ್ಲಂದ್ರ ಮತ್ತ ನಳಿಗಿ ಹಾಕ್ತೀವಿ" ಅಂದಳು.

ನಳಿಗೆಗೆ ನಾನು ಹೆದರಲಿಲ್ಲ. ಅದನ್ನು ತೆಗೆದ ಮೇಲೂ ನನ್ನ ಮೈ ನನ್ನ ಮಾತು ಕೇಳದಿದ್ದರೆ? ಆ ಯೋಚನೆಗೆ ಗಳಗಳ ಅತ್ತೆ. ಪಂಚನ್ನು ನಾಚಿಕೆಯಿಂದ ಕಮಲಾಪುರದ ಮನೆಯ ಟ್ರಂಕಿನಲ್ಲೇ ಕೀಲಿ ಹಾಕಿ ಬಂದಿದ್ದೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಗಂಡ ಶಿವಪ್ಪನಿಗೆ ಆ ಬಡಿತ ಯಾಕೆಂಬ ನಿಜ ಹೇಳಿದೆ. ಅವನು ನಗಲಿಲ್ಲ. ಕೀಲಿ ತೆಗೆದುಕೊಂಡು ಬಸ್ ಹತ್ತಿದ.

ಸ್ವಲ್ಪ ಹೊತ್ತಿಗೆ ಅವನ ಫೋನು ಬಂತು: "ಇನ್ನೂ ತಾಜಸುಲ್ತಾನಪುರದ ಹತ್ರಾನೇ ಇದ್ದೀನಿ, ಕಮಲಾಪುರ ಭಾಳ ದೂರ ಅದ. ಧೈರ್ಯ ತಗೋ."

ಫೋನು ಕೆಳಗಿಟ್ಟೆ. ವಾರ್ಡಿನ ಸಂಡಾಸದ ಬಾಗಿಲಿಗೆ ಯಾರೋ ಬಡಿದರು. ಟಕ್. ಟಕ್. ಟಕ್. ಕಟ್ಟಿಗೆಯ ಮೇಲೆ ಕಬ್ಬಿಣ. ಆ ಸದ್ದು ನನಗೆ ಗೊತ್ತಿಲ್ಲವೇ! ಸಲೈನ್ ಸ್ಟ್ಯಾಂಡು ಎಳೆದುಕೊಂಡೇ ಓಡಿದೆ. ಒಳಗೆ ಕೂತು ಮತ್ತೆ ಅತ್ತೆ, ಈ ಸಲ ಸುಖಕ್ಕೆ.

ಹೊರಗೆ ಪಕ್ಕದ ಮಂಚದ ಮುದುಕಿ, ವಾರ್ಡಿನವರೆಲ್ಲ ಖಾಲಾ ಅನ್ನುವವಳು, ರೇಗಾಡುತ್ತಿದ್ದಳು. "ಕೌನ್ ಮಾ ವೋ, ದರವಾಜೇ ಪೋ ಟಕ್ ಟಕ್? ಸೋನೆ ಬಿ ನೈ ದೇತೇ!" ಬಾಗಿಲು ಬಡಿದು ತನ್ನ ನಿದ್ದೆ ಕೆಡಿಸಿದವರಾರು ಎಂದು ಅವಳ ಸಿಟ್ಟು. ಬಾಗಿಲ ಹತ್ತಿರ ಯಾರೂ ಬಂದಿಲ್ಲ ಎಂದು ನರ್ಸ್ ಆಣೆ ಮಾಡಿದಳು. ಸಂಜೆ ಶಿವಪ್ಪ ಪಂಚು ತಂದ. ಟ್ರಂಕಿನ ಕೀಲಿ ಹಾಕಿದಂತೇ ಇತ್ತಂತೆ.

ಔಷಧದ ಮಂಪರು, ಭ್ರಮೆ ಎಂದರು ಡಾಕ್ಟರು. ನನ್ನ ಭ್ರಮೆ ಖಾಲಾನ ಕಿವಿಗೆ ಹೇಗೆ ಹೋಯಿತು ಎಂದು ಕೇಳಿದೆ. ನಕ್ಕು ಮುಂದಿನ ಮಂಚಕ್ಕೆ ಹೋದರು. ನಗಲಿ. ಯಾರು ಬಡಿದರೋ ನನಗೂ ಗೊತ್ತಿಲ್ಲ.

ಆದರೆ ಆವತ್ತೇ ಒಂದು ನಿರ್ಧಾರ ಮಾಡಿದೆ: ಇನ್ನು ನನ್ನ ಮೈ ಯಾವ ಸದ್ದಿಗೂ ಕಾಯಬೇಕಿಲ್ಲ. ಕಲಿತದ್ದನ್ನು ಮರೆಸಲು ಕಲಿಸಿದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು. ಈಗ ಬೇಕೆನಿಸಿದಲ್ಲಿ ಸೀಟಿ ಊದುತ್ತೇನೆ, ಬಸ್ ನಿಲ್ಲುತ್ತದೆ. ಯಾರಾದರೂ ಗೊಣಗಿದರೆ, "ಡ್ರೈವರ್ ಇಳಿದಾಗ ಕೇಳಿದ್ರೇನ್ರೀ? ಸುಮ್ಮ ಕೂಡ್ರಿ" ಅನ್ನುತ್ತೇನೆ.

ಪಂಚು ಮತ್ತೆ ಟ್ರಂಕಿನಲ್ಲಿದೆ. ಹೋದ ವಾರ ಇಬ್ಬರೂ ಊಟಕ್ಕೆ ಕೂತಿದ್ದೆವು, ಟ್ರಂಕಿನೊಳಗಿಂದ ಮೂರು ಏಟು ಕೇಳಿಸಿತು. ಶಿವಪ್ಪ ಕೈಯಲ್ಲಿನ ತುತ್ತು ಹಾಗೇ ಹಿಡಿದು ನನ್ನ ಮುಖ ನೋಡಿದ.

ನಾನು ಏಳಲಿಲ್ಲ. ಇನ್ನೊಂದು ರೊಟ್ಟಿ ಹಾಕಿಕೊಂಡೆ.